ನೊಗಕ್ಕೆ ಎರಡು ಹೆಗಲು



ಇಂದು ಬೆಳಿಗ್ಗೆ ತಿಳವಳ್ಳಿಯ ಶಾಂತೇಶ್ವರ ಗುಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಸೇವುಣರ ಕಾಲದಲ್ಲಿ, 13ನೇ ಶತಮಾನದಲ್ಲಿ ಕಟ್ಟಿದ ಗುಡಿ ಅದು. ಎಷ್ಟು ಬರ, ಎಷ್ಟು ದಂಡಿನ ಹಾವಳಿ, ಎಷ್ಟು ರೋಗರುಜಿನಗಳನ್ನು ಆ ಕಲ್ಲುಗಳು ಕಂಡಿರಬೇಕು! ಇಲ್ಲಿಂದ ಶಿಗ್ಗಾವಿಯ ಕಡೆ ಹೋದರೆ ಕನಕದಾಸರ ಬಾಡ, ಶರೀಫಜ್ಜನ ಶಿಶುನಾಳ. ಈ ಕಡೆ ಕುಮಾರ ಶಿವಯೋಗಿಗಳ ಹಾನಗಲ್ಲು. ಇಂಥ ನೆಲದವರು ಒಬ್ಬ ಕ್ರೈಸ್ತನನ್ನು ಕರೆದು, ‘ಕಷ್ಟಕಾಲದಲ್ಲಿ ನಿಮ್ಮವರು ನಂಬಿಕೆಯನ್ನು ಹೇಗೆ ಹಿಡಿದುಕೊಂಡರು, ಹೇಳಿ’ ಎಂದು ಕೇಳಿದ್ದೀರಿ. ಈ ಕೇಳುವಿಕೆಯೇ ನನಗೆ ದೊಡ್ಡ ಗೌರವ. ಈ ಉಪನ್ಯಾಸಕ್ಕೆ ದತ್ತಿ ಇಟ್ಟವರಿಗೂ ಈ ವಿಷಯವನ್ನು ಆರಿಸಿದವರಿಗೂ ನಾನು ಋಣಿ.

ಮೊದಲು ಮಾತಿನಿಂದಲೇ ಆರಂಭಿಸುತ್ತೇನೆ. ಕನ್ನಡ ಕ್ರೈಸ್ತರಲ್ಲಿ ಕಥೋಲಿಕರು ‘ವಿಶ್ವಾಸ’ ಎನ್ನುತ್ತಾರೆ. ನಾವು ಬಾಸೆಲ್ ಮಿಷನ್ ಸಭೆಗಳಿಂದ ಬಂದವರು ‘ನಂಬಿಕೆ’ ಎನ್ನುತ್ತೇವೆ. ಎರಡೂ ಒಳ್ಳೆಯ ಮಾತುಗಳೇ. ಆದರೆ ‘ನಂಬು’ ಎಂಬ ಮಾತಿಗೆ ಈ ಭಾಗದ ರೈತರ ಬಾಯಲ್ಲಿ ಇನ್ನೊಂದು ಅರ್ಥವಿದೆ. ‘ಅವರು ಭೂಮಿ ನಂಬಿ ಬದುಕಿದವರು’ ಎನ್ನುತ್ತೇವೆ. ಭೂಮಿ ಇದೆ ಎಂದು ಒಪ್ಪಿಕೊಂಡವರು ಎಂದು ಅದಕ್ಕೆ ಅರ್ಥವಲ್ಲ. ಮಳೆ ಬಂದರೂ ಬಾರದಿದ್ದರೂ ಮುಂದಿನ ವರ್ಷ ಮತ್ತೆ ಅದೇ ಹೊಲಕ್ಕೆ ಕೂರಿಗಿ ಹೂಡುವವರು ಎಂದು ಅರ್ಥ. ದೇವರನ್ನು ನಂಬುವುದು ಎಂಬ ಮಾತನ್ನು ನಾನು ಇಂದು ಈ ಅರ್ಥದಲ್ಲಿಯೇ ಬಳಸುತ್ತೇನೆ.

ಹೊಲದ ಇನ್ನೊಂದು ಮಾತು ನೊಗ. ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯದ ಕೊನೆಯಲ್ಲಿ ಯೇಸುಸ್ವಾಮಿ ದುಡಿದು ದಣಿದವರನ್ನು, ಹೊರೆ ಹೊತ್ತವರನ್ನು ಹತ್ತಿರಕ್ಕೆ ಕರೆಯುತ್ತಾರೆ. ಕರೆದು, ಹೊರೆಯನ್ನೆಲ್ಲ ಇಳಿಸಿ ಮಲಗಿಬಿಡಿ ಎನ್ನುವುದಿಲ್ಲ. ನನ್ನ ನೊಗಕ್ಕೆ ಹೆಗಲು ಕೊಡಿ ಎನ್ನುತ್ತಾರೆ. ಚಿಕ್ಕವನಿದ್ದಾಗ ಇದು ನನಗೆ ತಿಳಿಯುತ್ತಿರಲಿಲ್ಲ. ದಣಿದವನಿಗೆ ಮತ್ತೊಂದು ನೊಗವೇ? ನಮ್ಮ ಮನೆ ಗದಗ ಬೆಟಗೇರಿಯಲ್ಲಿ. ಅಪ್ಪ ಮಗ್ಗದ ಮೇಲೆ ಕೂತು ಬದುಕಿದವರು, ನೇಗಿಲು ಹಿಡಿದವರಲ್ಲ. ಆದರೆ ಅಜ್ಜಿ ಒಕ್ಕಲುತನದ ಮನೆಯಿಂದ ಬಂದವಳು. ಕೇಳಿದೆ. ಆಕೆ ಹೇಳಿದಳು: ‘ತಮ್ಮಾ, ನೊಗಾ ಅಂದ್ರ ಒಂದ್ ಎತ್ತಿಂದಲ್ಲೋ. ಎಳೇ ಹೋರಿ ಪಳಗಸೂಮುಂದ ಅದನ್ನ ಹಳೇ ಎತ್ತಿನ ಜೋಡಿ ಕಟ್ತಾರ. ಹೋರಿ ಜಗ್ಗತೈತಿ, ಒದರತೈತಿ, ಅಡ್ಡ ಬೀಳತೈತಿ. ಹಳೇ ಎತ್ತು ಸುಮ್ಮನ ಸಾಲು ಹಿಡದು ನಡೀತೈತಿ. ಭಾರಾ ಎಲ್ಲಾ ಅದs ಎಳದಿರತೈತಿ. ನಾನs ಎಳದೆ ಅಂತ ಹೋರಿ ತಿಳಕೋತೈತಿ.’

ಹೋರಿಗಳ ಸಂಗತಿ ಈ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ದೀಪಾವಳಿ ಮುಗಿದರೆ ಹಾವೇರಿ ಜಿಲ್ಲೆಯ ತುಂಬ ಹೋರಿ ಬೆದರಿಸುವ ಸಂಭ್ರಮ. ಆದರೆ ಅಜ್ಜಿಯ ಮಾತು ನನ್ನ ಜೊತೆಯಲ್ಲೇ ಉಳಿದುಬಿಟ್ಟಿದೆ. ನೊಗಕ್ಕೆ ಎರಡು ಹೆಗಲು. ಕಷ್ಟಕಾಲದಲ್ಲಿ ನಂಬಿಕೆ ಉಳಿದದ್ದು ಒಬ್ಬೊಬ್ಬರ ಎದೆಗಟ್ಟಿತನದಿಂದ ಎಂದು ನಾವು ತಿಳಿಯುತ್ತೇವೆ. ನಾನು ಓದಿದ ಚರಿತ್ರೆ, ನಾನು ಕಂಡ ಬದುಕು, ಎರಡೂ ಬೇರೆಯದನ್ನೇ ಹೇಳುತ್ತವೆ. ನಂಬಿಕೆ ಉಳಿದಲ್ಲೆಲ್ಲ ಪಕ್ಕದಲ್ಲಿ ಇನ್ನೊಂದು ಹೆಗಲಿತ್ತು. ಆ ಹೆಗಲು ದೇವರದು ಎನ್ನುವುದು ನಮ್ಮ ನಂಬಿಕೆ. ಕಣ್ಣಿಗೆ ಕಾಣುವಂತೆ ಅದು ಬಂದದ್ದು ಮಾತ್ರ ಹೆಚ್ಚಾಗಿ ನೆರೆಯವರ, ಜೊತೆಯವರ ಹೆಗಲಾಗಿಯೇ. ಇದೊಂದೇ ಮಾತನ್ನು ಕೆಲವು ನಿದರ್ಶನಗಳ ಮೂಲಕ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಕರಾವಳಿಯದು. 1784ರ ಫೆಬ್ರವರಿ ಕೊನೆ, ಬೂದಿ ಬುಧವಾರದ ಹೊತ್ತು. ಕ್ರೈಸ್ತರು ಹಣೆಗೆ ಬೂದಿ ಹಚ್ಚಿಕೊಂಡು ತಪಸ್ಸಿನ ಕಾಲಕ್ಕೆ ಕಾಲಿಡುವ ದಿನ ಅದು. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕ ಕುಟುಂಬಗಳನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ ಎಂಬುದರಲ್ಲಿ ಬರಹಗಾರರಿಗೆ ಒಮ್ಮತವಿಲ್ಲ. 30 ಸಾವಿರದಿಂದ 80 ಸಾವಿರದವರೆಗೆ ಲೆಕ್ಕ ಹೇಳುತ್ತಾರೆ. ದಾರಿಯಲ್ಲಿ ಸತ್ತವರು ಬಹಳ. ಗುರುಗಳನ್ನು ಗಡೀಪಾರು ಮಾಡಿದ್ದರು. ಚರ್ಚುಗಳನ್ನು ಕೆಡವಿದ್ದರು. ಸೆರೆಯಲ್ಲಿ ಎಷ್ಟೋ ಜನರ ಮತವನ್ನು ಬಲವಂತದಿಂದ ಬದಲಾಯಿಸಿದರು. ಬಿಡುಗಡೆಯಾದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಅಂದರೆ 15 ವರ್ಷಗಳ ನಂತರ.

ಹಳೆಯ ಲೆಕ್ಕ ತೀರಿಸಿಕೊಳ್ಳಲು ನಾನು ಈ ಕಥೆ ತೆಗೆದಿಲ್ಲ. ಇದೇ ಸುಲ್ತಾನ 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳಿಸಿದವನು. ಚರಿತ್ರೆ ನಮ್ಮ ಸಿಟ್ಟಿಗೆ ತಕ್ಕಂತೆ ಮಡಚಿಕೊಳ್ಳುವ ಬಟ್ಟೆಯಲ್ಲ. ನನ್ನ ಪ್ರಶ್ನೆ ಬೇರೆ. 15 ವರ್ಷ ಎಂದರೆ ಸೆರೆಯಲ್ಲಿ ಹುಟ್ಟಿದ ಮಗು ಹೆಗಲೆತ್ತರ ಬೆಳೆಯುವಷ್ಟು ಕಾಲ. ಗುರುಗಳಿಲ್ಲ, ಬಲಿಪೂಜೆಯಿಲ್ಲ, ಪುಸ್ತಕವಿಲ್ಲ, ಗಂಟೆಯಿಲ್ಲ. ಆದರೂ ಬಿಡುಗಡೆಯಾದ ಮೇಲೆ ಉಳಿದವರು ಮಂಗಳೂರಿಗೆ ಮರಳಿದರು, ಬಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರು. ಏನು ಹಿಡಿದುಕೊಂಡು ಅವರು ಉಳಿದರು? ಬಾಯಿಪಾಠದ ಪ್ರಾರ್ಥನೆ ಬಿಟ್ಟರೆ ಅವರ ಹತ್ತಿರ ಬೇರೇನೂ ಇರಲು ಸಾಧ್ಯವಿರಲಿಲ್ಲ. ಅದನ್ನು ಮಗುವಿನ ಕಿವಿಗೆ ಹಾಕಲು ಒಬ್ಬ ತಾಯಿಯಾದರೂ ಬೇಕು. ಜಪಮಾಲೆಯ ಪ್ರಾರ್ಥನೆಯನ್ನು ಕೇಳಿದವರಿಗೆ ಗೊತ್ತು, ಅದರಲ್ಲಿ ಅರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಜೊತೆಯವರು ಹೇಳಬೇಕು. ಅದು ಇಬ್ಬರ ಬಾಯಿಗೆಂದೇ ಮಾಡಿದ ಪ್ರಾರ್ಥನೆ.

ಆ ಬಿಡುಗಡೆಯ ಹೊತ್ತಿನಲ್ಲಿ ಮೈಸೂರು ಸೀಮೆಗೆ ಬಂದವರು ಫ್ರಾನ್ಸಿನ ಗುರು ಅಬ್ಬೆ ದುಬಾಯ್. ಶ್ರೀರಂಗಪಟ್ಟಣದ ಹತ್ತಿರ ಗಂಜಾಮಿನಲ್ಲಿ ನೆಲೆ ನಿಂತು, ಚದುರಿದವರನ್ನು ಒಂದುಗೂಡಿಸಿದರು. ನಮ್ಮವರ ಉಡುಪು ತೊಟ್ಟರು, ನಮ್ಮವರ ಊಟ ಉಂಡರು. ಜನ ಅವರನ್ನು ‘ದೊಡ್ಡಸ್ವಾಮಿಯೋರು’ ಎಂದು ಕರೆದರು. ಸಿಡುಬಿನ ಲಸಿಕೆ ಆಗಷ್ಟೇ ಬಂದಿತ್ತು, ಜನ ಹೆದರುತ್ತಿದ್ದರು. ಸಾವಿರಾರು ಜನರಿಗೆ ಆ ಲಸಿಕೆ ಹಾಕಿಸಿದವರು ಅವರು. ಸೆರೆಯಲ್ಲಿ ನೊಂದು ಬಂದವರಿಗೆ ಗುರುಗಳು ದೊಡ್ಡ ಉಪದೇಶವನ್ನು ಮಾತ್ರ ಮಾಡಲಿಲ್ಲ, ಮಕ್ಕಳ ತೋಳು ಹಿಡಿದು ಲಸಿಕೆಯನ್ನೂ ಹಾಕಿಸಿದರು ಎನ್ನುವುದು ನನಗೆ ಬಹಳ ಹಿಡಿಸುತ್ತದೆ.

ಎರಡನೆಯದು ನಮ್ಮ ಬಯಲುಸೀಮೆಗೆ ಹತ್ತಿರದ್ದು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಮಿಷನ್ನು 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ಗುಳೇದಗುಡ್ಡಕ್ಕೆ. ಕಿಟ್ಟೆಲ್ಲರ ನಿಘಂಟು, ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಈ ಮಿಷನ್ನಿನಿಂದಲೇ ಬಂದವು ಎಂದು ನಿಮಗೆಲ್ಲ ಗೊತ್ತು. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರ ಪಾಡು ಅಷ್ಟಾಗಿ ಗೊತ್ತಿಲ್ಲ.

1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ, ಇನ್ನಿಬ್ಬರು ಗೆಳೆಯರೊಡನೆ, ಕ್ರೈಸ್ತನಾದ. ಊರೇ ಕೆರಳಿತು. ಮನೆ ಹೋಯಿತು, ಬಳಗ ಹೋಯಿತು. ಹೆಂಡತಿ ಲಕ್ಷ್ಮಿ ಅವನ ಜೊತೆ ಬರಲಿಲ್ಲ. ಈ ಕಥೆಯನ್ನು ನಮ್ಮ ಸಭೆಗಳಲ್ಲಿ ಹೇಳುವಾಗ ಕೌಂಡಿಣ್ಯರ ತ್ಯಾಗವನ್ನಷ್ಟೇ ಹೇಳುತ್ತೇವೆ. ಗಂಡ ಬದುಕಿದ್ದೂ ಇಲ್ಲದಂತಾದ ಆ ಹೆಣ್ಣುಮಗಳ ಸಂಕಟವನ್ನೂ ನೆನೆಯಬೇಕು. ಆಕೆಯೂ ತನ್ನ ನಂಬಿಕೆಯನ್ನು ಬಿಡಲಿಲ್ಲ. ಒಬ್ಬರ ನಂಬಿಕೆಯ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗಿ ಬರುವುದು ಈ ಚರಿತ್ರೆಯ ದೊಡ್ಡ ನೋವು, ಅದನ್ನು ಮುಚ್ಚಿಡಬಾರದು. ಕೌಂಡಿಣ್ಯರು ಬಾಸೆಲ್ಲಿಗೆ ಹೋಗಿ ಕಲಿತು, 1851ರಲ್ಲಿ ದೀಕ್ಷೆ ಪಡೆದು ಮರಳಿದರು. 1893ರಲ್ಲಿ ತೀರಿಕೊಳ್ಳುವವರೆಗೂ ಈ ನಾಡಿನಲ್ಲೇ ದುಡಿದರು. ಜೀತದಿಂದ ಬಿಡಿಸಿಕೊಂಡು ಬಂದವರು ನೆಲೆಯೂರಿದ ಕೊಡಗಿನ ಆನಂದಪುರ ಅವರ ಹೆಸರಿನ ಊರು. ಅವರಿಗೆ ಸಿಕ್ಕ ಎರಡನೇ ಹೆಗಲು ಮೋಗ್ಲಿಂಗರದು. ಮನೆ ಕಳೆದುಕೊಂಡ ಹುಡುಗನಿಗೆ ಮೋಗ್ಲಿಂಗರು ತಂದೆಯಂತೆ ನಿಂತರು. ಹೊಸ ಹೆಸರಿನಲ್ಲಿ ಆನಂದರಾಯರು ‘ಹೆರ್ಮನ್’ ಎಂದು ಸೇರಿಸಿಕೊಂಡದ್ದು ಮೋಗ್ಲಿಂಗರ ಹೆಸರನ್ನೇ.

ಕೌಂಡಿಣ್ಯರಂಥ ಓದಿದವರಿಗೇ ಹೀಗಾದರೆ ಬಡವರ ಪಾಡೇನು? ಕ್ರೈಸ್ತನಾದವನಿಗೆ ಬಾವಿಯ ನೀರಿಲ್ಲ, ಒಕ್ಕಲು ಭೂಮಿಯಿಲ್ಲ, ಕುಲಕಸುಬಿಲ್ಲ. ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ ಎಂದು ಮಿಷನ್ನಿನವರು ಬೇಗ ಕಂಡುಕೊಂಡರು. ನೇಕಾರಿಕೆ ಬಲ್ಲ ಹಾಲರ್ 1851ರಲ್ಲಿ ಬಂದು ಮಂಗಳೂರಿನ ನೇಯ್ಗೆ ಮನೆಗೆ ಹೊಸ ಮಗ್ಗ ತಂದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹಂಚು ಹುಟ್ಟಿದ್ದು ಹಾಗೆ. ನಿಮ್ಮ ಹಳೆಯ ಮನೆಗಳ ಮಾಡಿನಲ್ಲಿ ಇವತ್ತಿಗೂ ಆ ಹಂಚುಗಳಿವೆ. ಜಾತಿಯಿಂದ, ಮನೆಯಿಂದ ಹೊರಬಿದ್ದವರಿಗೆ ದುಡಿಮೆ ಕೊಡಲು ಹೂಡಿದ ಕೆಲಸ ಕೊನೆಗೆ ಎಲ್ಲ ಜಾತಿಯವರ ತಲೆಯ ಮೇಲೆ ಸೂರಾಗಿ ನಿಂತಿತು. ಮಳೆಗಾಲದಲ್ಲಿ ಹಂಚಿನ ಮೇಲೆ ನೀರು ಬೀಳುವ ಸದ್ದು ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆಮೇಲೆ ಬಂತು ದೊಡ್ಡ ಬರ. 1876ರಿಂದ 1878. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರಕ್ಕೂ ಬಿಡದ ಬರ. ನಿಮ್ಮ ಹಾನಗಲ್ಲು ಸೀಮೆ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ ತಾನೆ? 1872ರ ಜನಗಣತಿಯಲ್ಲಿ 10 ಲಕ್ಷದ ಹತ್ತಿರವಿದ್ದ ಧಾರವಾಡ ಜಿಲ್ಲೆಯ ಜನ 1881ರ ಹೊತ್ತಿಗೆ 9 ಲಕ್ಷಕ್ಕಿಂತ ಕೆಳಗಿಳಿದಿದ್ದರು. ಒಂದು ಲಕ್ಷ ಜನ ಒಂದು ಜಿಲ್ಲೆಯಿಂದ ಕಾಣೆಯಾಗುವುದೆಂದರೇನು, ಯೋಚಿಸಿ. ಕೆಲವರು ಗುಳೆ ಹೋದರು, ಬಹಳ ಜನ ಸತ್ತರು. ಶಿಶುನಾಳ ಶರೀಫರು ಬದುಕಿದ್ದ ಕಾಲ ಅದು, ಅವರೂ ಈ ಬರವನ್ನು ಕಂಡವರೇ. ಆ ವರ್ಷಗಳಲ್ಲಿ ಮಿಷನ್ನಿನ ಅನಾಥಾಲಯಗಳಿಗೆ ತಾಯಿತಂದೆಯಿಲ್ಲದ ಮಕ್ಕಳು ಬಂದರು. ಹಸಿದವರು ಬಂದರು. ಅವರಲ್ಲಿ ಕೆಲವರು ಕ್ರೈಸ್ತರಾದರು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ನನಗೂ ಶಾಲೆಯಲ್ಲಿ ಗೆಳೆಯರು ಹೇಳಿದ್ದುಂಟು: ‘ನಿಮ್ಮವರು ರೊಟ್ಟಿಗೋಸ್ಕರ ಕ್ರೈಸ್ತರಾದವರು.’ ಆ ಮಾತಿಗೆ ನಾನು ಬಹಳ ವರ್ಷ ಸಿಟ್ಟಾಗುತ್ತಿದ್ದೆ. ಈಗ ಆಗುವುದಿಲ್ಲ. ಹೌದು, ಕೆಲವರು ಹಸಿದು ಬಂದರು. ಹಸಿದವರು ಅನ್ನವಿದ್ದಲ್ಲಿಗೆ ಬರುವುದು ಪಾಪವಲ್ಲ. ಹಸಿದವರನ್ನು ಹಾಗೆ ಬರುವಂತೆ ಬಿಟ್ಟ ಲೋಕದ ಪಾಪ ಅದು. ಆದರೆ ಆಕ್ಷೇಪಕ್ಕೆ ನಿಜವಾದ ಉತ್ತರ ಮಾತಿನಲ್ಲಿ ಸಿಗುವುದಿಲ್ಲ. ರೊಟ್ಟಿ ಕೊಡುವ ಕೈ ಇಲ್ಲದಾದ ದಿನ ಏನಾಯಿತು ಎಂದು ನೋಡಬೇಕು. ಆ ದಿನವೂ ಬಂತು.

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಬಾಸೆಲ್ ಮಿಷನ್ನಿನ ಮಿಷನರಿಗಳಲ್ಲಿ ಬಹುಪಾಲು ಜರ್ಮನರು. ಇಂಗ್ಲಿಷ್ ಸರ್ಕಾರಕ್ಕೆ ಅವರು ಒಂದೇ ದಿನದಲ್ಲಿ ಶತ್ರುಗಳಾದರು. ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು, ಆಮೇಲೆ ಹಡಗು ಹತ್ತಿಸಿ ಕಳಿಸಿಬಿಟ್ಟರು. ಮಗ್ಗದ ಮನೆಗಳು, ಹಂಚಿನ ಕಾರ್ಖಾನೆಗಳು ಸರ್ಕಾರದ ವಶಕ್ಕೆ ಹೋಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಸೇರಿದವು. ಸಂಬಳ ಕೊಡುತ್ತಿದ್ದ ಮಿಷನ್ನು ಇಲ್ಲ. ಉಪದೇಶ ಮಾಡುತ್ತಿದ್ದ ದೊರೆ ಇಲ್ಲ. ‘ಶತ್ರುಗಳ ಮತದವರು’ ಎಂಬ ಗುಮಾನಿ ಬೇರೆ. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದು ಊರೂರುಗಳಲ್ಲಿ ಹೆಣಗಳ ಮೇಲೆ ಹೆಣ.

ರೊಟ್ಟಿಗಾಗಿ ಬಂದವರೇ ಆಗಿದ್ದರೆ ಆ ದಿನಗಳಲ್ಲಿ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಹುಬ್ಬಳ್ಳಿ, ಧಾರವಾಡ, ಬೆಟಗೇರಿ, ಗುಳೇದಗುಡ್ಡದ ಸಭೆಗಳು ಉಳಿದವು. ಕನ್ನಡದ ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು, ಸಭೆಯ ಹಿರಿಯರು ಭಾರಕ್ಕೆ ಹೆಗಲು ಕೊಟ್ಟರು. ಆ ಸಭೆಗಳು ಮುಂದೆ ದಕ್ಷಿಣ ಭಾರತ ಸಭೆಗೆ ಸೇರಿ ಇಂದಿಗೂ ನಡೆಯುತ್ತಿವೆ. ನಮ್ಮೂರಿನ ಆಸ್ಪತ್ರೆಗೆ ಜನ ಈಗಲೂ ‘ಜರ್ಮನ್ ದವಾಖಾನೆ’ ಎನ್ನುತ್ತಾರೆ. ಜರ್ಮನರು ಹೋಗಿ ಎಷ್ಟೋ ಕಾಲವಾಯಿತು, ದವಾಖಾನೆಯ ಬಾಗಿಲು ಮುಚ್ಚಲಿಲ್ಲ.

ಹೇಗೆ ಉಳಿದವು ಎಂದು ಕೇಳಿದರೆ ನನಗೆ ನಮ್ಮ ಅಡಿಗೆಮನೆಯ ಒಂದು ಡಬ್ಬಿ ನೆನಪಾಗುತ್ತದೆ. ಒಲೆಯ ಪಕ್ಕದ ಗೂಡಿನಲ್ಲಿ ಒಂದು ತಗಡಿನ ಡಬ್ಬಿ ಇರುತ್ತಿತ್ತು, ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಅವ್ವ ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಒಂದು ಹಿಡಿ ಅಕ್ಕಿ ಅದಕ್ಕೆ ಹಾಕುತ್ತಿದ್ದಳು. ಅದು ಸಭೆಯ ಹಿಡಿ ಅಕ್ಕಿ. ಭಾನುವಾರ ಡಬ್ಬಿಯನ್ನು ಒಯ್ದು ದೊಡ್ಡ ಬುಟ್ಟಿಗೆ ಸುರಿಯುವುದು ನನ್ನ ಕೆಲಸ. ಮಗ್ಗ ನಿಂತು, ನೂಲು ಸಿಗದೆ, ಮನೆಯಲ್ಲಿ ಗಂಜಿ ಕುಡಿದ ತಿಂಗಳುಗಳಲ್ಲೂ ಆ ಹಿಡಿ ತಪ್ಪಲಿಲ್ಲ. ಒಂದು ಸಲ ನಾನು, ‘ಅವ್ವಾ, ಈ ವಾರ ನಮಗs ಇಲ್ಲಲ್ಲ’ ಎಂದೆ. ಅವ್ವ ಕೈಯನ್ನು ಸ್ವಲ್ಪ ಸಣ್ಣ ಮಾಡಿ ಹಿಡಿ ಹಾಕಿದಳು, ‘ಹಿಡಿ ಸಣ್ಣದಾಗಲಿ, ಖಾಲಿ ಆಗಬಾರದು’ ಎಂದಳು. ಇನ್ನೊಂದು ವಾರ ಅದೇ ಬುಟ್ಟಿಯ ಅಕ್ಕಿ ನಮ್ಮ ಮನೆಗೇ ಬಂತು. ಅವ್ವ ಅದರಿಂದಲೂ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿದಳು. ನಂಬಿಕೆ ಎಂಬುದನ್ನು ನಾನು ಇಷ್ಟು ಹತ್ತಿರದಿಂದ ಮತ್ತೆಂದೂ ನೋಡಿಲ್ಲ.

ಈಗ ಮೂರನೆಯ ಮಾತು, ನೊಂದವರ ದೂರಿನದು. ಕಷ್ಟದಲ್ಲಿರುವವರು ದೇವರನ್ನು ಪ್ರಶ್ನಿಸಬಾರದು, ಪ್ರಶ್ನಿಸಿದರೆ ನಂಬಿಕೆ ಹೋಯಿತು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಸತ್ಯವೇದವೇ ಹಾಗೆ ತಿಳಿಯುವುದಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ದೂರುಗಳೇ. ಎಷ್ಟು ದಿನ ಹೀಗೆ, ಯಾಕೆ ಮುಖ ಮರೆಸಿಕೊಂಡಿರುವೆ ಎಂದು ಕೇಳುವ ಹಾಡುಗಳು. ಯೋಬ ಮಕ್ಕಳನ್ನು, ದನಕರುಗಳನ್ನು, ಮೈಯ ಸುಖವನ್ನು ಕಳೆದುಕೊಂಡು ಬೂದಿಯಲ್ಲಿ ಕೂತ. ಗೆಳೆಯರು ಬಂದು ಏಳು ದಿನ ಏನೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರು. ಬಾಯಿ ಬಿಟ್ಟು ‘ನೀನೇ ಏನೋ ತಪ್ಪು ಮಾಡಿರಬೇಕು’ ಎಂದಾಗ ಕೆಟ್ಟರು. ಕೊನೆಗೆ ದೇವರು ಮೆಚ್ಚಿದ್ದು ಜಗಳವಾಡಿದ ಯೋಬನನ್ನು, ದೇವರ ಪರ ವಕಾಲತ್ತು ಮಾಡಿದ ಗೆಳೆಯರನ್ನಲ್ಲ. ಯೇಸುಸ್ವಾಮಿ ಕೂಡ ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಮಾತನ್ನೇ, ಕೈಬಿಟ್ಟದ್ದು ಯಾಕೆಂಬ ಪ್ರಶ್ನೆಯನ್ನೇ, ಕೂಗಿ ಕೇಳಿದರು.

ಇದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ವಚನಕಾರರು ದೇವರೊಡನೆ ಜಗಳವಾಡಿದ್ದಾರೆ, ದಾಸರು ನಿಂದಾಸ್ತುತಿ ಹಾಡಿದ್ದಾರೆ. ಬೈಯುವಷ್ಟು ಸಲುಗೆ ಹತ್ತಿರದವರೊಡನೆ ಮಾತ್ರ ಇರುತ್ತದೆ. ಬಾಗಿಲು ಬಡಿಯುತ್ತಿರುವವನು ಒಳಗೆ ಯಾರೋ ಇದ್ದಾರೆಂದು ನಂಬಿದವನೇ.

ದೂರಿನ ಜೊತೆಗೇ ಉಪಕಾರಸ್ತುತಿಯೂ ಇರುತ್ತದೆ. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಜರ್ಮನಿಯ ಐಲೆನ್‌ಬುರ್ಗ್ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಸಭಾಪಾಲಕರಿದ್ದರು. 1637ರಲ್ಲಿ ಪ್ಲೇಗು ಹರಡಿ ಆ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಹೆಣಗಳಿಗೆ ಅವರು ಅಂತ್ಯಕ್ರಿಯೆಯ ಪ್ರಾರ್ಥನೆ ಮಾಡಿದರು. ಅವುಗಳಲ್ಲಿ ಒಂದು ಅವರ ಹೆಂಡತಿಯದು. ಜರ್ಮನ್ ಸಭೆಗಳಲ್ಲಿ ಇಂದಿಗೂ ಹಾಡುವ ದೊಡ್ಡ ಉಪಕಾರಸ್ತುತಿಯ ಹಾಡನ್ನು ಬರೆದವರು ಇದೇ ರಿಂಕಾರ್ಟರು, ಇದೇ ಕಷ್ಟದ ವರ್ಷಗಳಲ್ಲಿ. ಮಕ್ಕಳೊಡನೆ ಊಟಕ್ಕೆ ಕೂತಾಗ ಹೇಳಲೆಂದು ಅದನ್ನು ಕಟ್ಟಿದರು ಎನ್ನುತ್ತಾರೆ. ಹಾಡು ಒಬ್ಬನ ಗಂಟಲು ಕಟ್ಟಿದಾಗ ಪಕ್ಕದವನ ಗಂಟಲಿನಲ್ಲಿ ಮುಂದುವರಿಯುತ್ತದೆ. ನಮ್ಮ ಸಭೆಗಳಲ್ಲಿ ಹಾಡುಗಳಿಗೆ ಇಷ್ಟು ದೊಡ್ಡ ಜಾಗ ಯಾಕಿದೆ ಎಂಬುದಕ್ಕೆ ಇದೇ ಕಾರಣ ಎಂದು ನನಗೆ ಅನಿಸುತ್ತದೆ.

ಹತ್ತಿರದ ಕಾಲದ ಎರಡು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. 2008ರ ಸೆಪ್ಟೆಂಬರ್ 14, ಭಾನುವಾರ. ಕಥೋಲಿಕರಿಗೆ ಅದು ಪವಿತ್ರ ಶಿಲುಬೆಯ ಹಬ್ಬದ ದಿನ. ಅಂದು ಮಂಗಳೂರಿನಲ್ಲೂ ರಾಜ್ಯದ ಇತರ ಕಡೆಗಳಲ್ಲೂ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಶಿಲುಬೆಯ ಹಬ್ಬದಂದೇ ಶಿಲುಬೆ ಒಡೆದದ್ದನ್ನು ಕಂಡವರಿಗೆ ಆ ಹಬ್ಬದ ಅರ್ಥ ಅಂದು ಬೇರೆಯಾಗಿಯೇ ತಿಳಿದಿರಬೇಕು. ಇನ್ನೊಂದು ಒಡಿಶಾದ್ದು. 1999ರ ಜನವರಿಯಲ್ಲಿ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಜೀಪಿನೊಳಗೆ ಸುಟ್ಟರು. ಅವರ ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಹೇಳಿ ಕೂಡಲೇ ತಮ್ಮ ದೇಶಕ್ಕೆ ಹೊರಟುಹೋಗಲಿಲ್ಲ, ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕ್ಷಮೆ ಎಂಬುದು ಬಾಯಿಂದ ಒಂದು ಸಲ ಬಂದರೂ ಕೈಯಿಂದ ದಿನಾ ಮಾಡಬೇಕಾದ ಕೆಲಸ ಎಂದು ಆ ತಾಯಿಯಿಂದ ಕಲಿತೆ.

ಇನ್ನು ನನ್ನದೇ ಒಂದು ಮಾತು. ಇಲ್ಲಿಗೆ ಬರುವಾಗ ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬೇರೆಯವರ ಕಷ್ಟಗಳನ್ನಷ್ಟೇ ಹೇಳಿ ಇಳಿಯುವುದು ನ್ಯಾಯವಲ್ಲ ಎಂದು ಹೇಳುತ್ತಿದ್ದೇನೆ.

2021ರ ಮೇ ತಿಂಗಳಲ್ಲಿ ಕೊರೊನಾದ ಎರಡನೇ ಅಲೆಯಲ್ಲಿ ನನ್ನ ಹೆಂಡತಿ ತೀರಿಕೊಂಡಳು. ದವಾಖಾನೆಯ ಬಾಗಿಲಲ್ಲಿ ಅವಳು ಕೈಚೀಲ ನನ್ನ ಕೈಗೆ ಕೊಟ್ಟು, ‘ಚಹಾಕ್ಕ ಸಕ್ಕರಿ ಕಡಿಮಿ ಹಾಕ್ಕೋರಿ’ ಎಂದು ಒಳಗೆ ಹೋದಳು. ಮತ್ತೆ ನಾನು ಅವಳ ಮುಖ ನೋಡಲಿಲ್ಲ. ಮಣ್ಣಿಗೆ ನಾಲ್ಕೇ ಜನ. ಸಭಾಪಾಲಕರು ಪಿಪಿಇ ಕಿಟ್ ಹಾಕಿಕೊಂಡಿದ್ದರು, ಅವರ ಪ್ರಾರ್ಥನೆ ನನಗೆ ಸರಿಯಾಗಿ ಕೇಳಿಸಲೂ ಇಲ್ಲ. ಹಾಡಲು ಯಾರೂ ಇರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅರವತ್ತು ವರ್ಷ ದಿನಾ ಪ್ರಾರ್ಥನೆ ಮಾಡಿದ ನನ್ನ ಬಾಯಿಗೆ ಆಮೇಲೆ ಪ್ರಾರ್ಥನೆ ಬರಲಿಲ್ಲ. ಸತ್ಯವೇದ ತೆಗೆದರೆ ಅಕ್ಷರಗಳು ಕಾಣುತ್ತಿದ್ದವು, ಅರ್ಥ ಹತ್ತಿರ ಬರುತ್ತಿರಲಿಲ್ಲ. ನಂಬಿಕೆ ಹೋಯಿತು ಎಂದೇ ತಿಳಿದೆ.

ಆಗ ಚರ್ಚು ಮುಚ್ಚಿತ್ತು. ನಮ್ಮ ಸಭೆಯ ಕೆಲವರು ಸಂಜೆ ಏಳಕ್ಕೆ ಫೋನಿನಲ್ಲೇ ಮನೆಪ್ರಾರ್ಥನೆ ಇಟ್ಟುಕೊಂಡಿದ್ದರು. ನನ್ನ ಫೋನಿಗೂ ಕರೆ ಬರುತ್ತಿತ್ತು. ಮೊದಲ ದಿನ ಎತ್ತಿದೆ, ಮಾತಾಡಲಿಲ್ಲ. ಅತ್ತ ಕಡೆ ಒಬ್ಬ ವಯಸ್ಸಾದ ತಾಯಿ ಕೀರ್ತನೆ ಓದುತ್ತಿದ್ದರು. ಕನ್ನಡಕ ಬದಲಿಸುವ ಸದ್ದು, ಹಾಳೆ ತಿರುವುವ ಸದ್ದು, ನಡುವೆ ಕೆಮ್ಮು. ನಾನು ಫೋನನ್ನು ಮೇಜಿನ ಮೇಲಿಟ್ಟು ಗೋಡೆ ನೋಡುತ್ತ ಕೂತೆ. ಹೀಗೆ ದಿನಾ. ಎಷ್ಟೋ ವಾರ ನಾನು ಒಂದು ‘ಆಮೆನ್’ ಕೂಡ ಹೇಳಲಿಲ್ಲ. ಫೋನು ಕಟ್ ಮಾಡಲಿಲ್ಲ, ಅಷ್ಟೇ. ಯಾರೂ ನನಗೆ ಉಪದೇಶ ಮಾಡಲಿಲ್ಲ, ಯಾಕೆ ಮಾತಾಡುವುದಿಲ್ಲ ಎಂದು ಕೇಳಲಿಲ್ಲ. ಪಕ್ಕದ ಮನೆಯ ಮುಸ್ಲಿಂ ಕುಟುಂಬದವರು ದಿನಾ ಮಧ್ಯಾಹ್ನ ಕಾಂಪೌಂಡ್ ಗೋಡೆಯ ಮೇಲೆ ರೊಟ್ಟಿ, ಪಲ್ಯ ಇಟ್ಟು, ‘ಮಾಸ್ತರ್’ ಎಂದು ಒಂದು ಸಲ ಕೂಗಿ ಹೋಗುತ್ತಿದ್ದರು.

ಒಂದು ಸಂಜೆ ಆ ತಾಯಿಗೆ ಕೆಮ್ಮು ಹೆಚ್ಚಾಗಿ ಓದು ಅರ್ಧಕ್ಕೆ ನಿಂತಿತು. ಎಲ್ಲರೂ ಸುಮ್ಮನಿದ್ದರು. ಮುಂದಿನ ಸಾಲು ನನಗೆ ಬಾಯಿಪಾಠವಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ್ದು. ನಾನೇ ಹೇಳಿದೆ. ಕೀರ್ತನೆ ಮುಗಿಯುವವರೆಗೆ ಹೇಳಿದೆ. ಅತ್ತ ಕಡೆ ಯಾರೋ ಅಳುತ್ತಿದ್ದರು.

ಆಮೇಲೆ ಅಜ್ಜಿಯ ಮಾತು ನೆನಪಾಯಿತು. ಹೋರಿ ಅಡ್ಡ ಬಿದ್ದಿತ್ತು, ಹಳೆಯ ಎತ್ತು ಸಾಲು ಬಿಡಲಿಲ್ಲ. ನಾನು ಪ್ರಾರ್ಥಿಸದ ವಾರಗಳಲ್ಲಿ ನನ್ನ ಪ್ರಾರ್ಥನೆಯನ್ನು ಬೇರೆಯವರು ಎಳೆದರು.

ಆದ್ದರಿಂದ ನಿಮ್ಮಲ್ಲಿ, ಅದರಲ್ಲೂ ನನ್ನ ಕ್ರೈಸ್ತ ಬಂಧುಗಳಲ್ಲಿ, ಎರಡು ಮೂರು ಮಾತು ಕೈಮುಗಿದು ಕೇಳಿಕೊಳ್ಳುತ್ತೇನೆ. ನಂಬಿದರೆ ಕಷ್ಟ ಬರುವುದಿಲ್ಲ, ಸಾಲ ತೀರುತ್ತದೆ, ರೋಗ ಹೋಗುತ್ತದೆ ಎಂದು ಈಗ ಕೆಲವರು ಮೈಕಿನಲ್ಲಿ ಸಾರುತ್ತಾರೆ. ಶಿಲುಬೆ ಹೊತ್ತವರ ಹೆಸರಿನಲ್ಲಿ ಹೀಗೆ ಸಾರಬೇಡಿ. ವಾಸಿಯಾಗದ ರೋಗಿಗೆ ‘ನಿನ್ನ ನಂಬಿಕೆ ಸಾಲದು’ ಎನ್ನುವ ಮಾತು ಗಾಯದ ಮೇಲೆ ಬರೆ ಎಳೆದ ಹಾಗೆ. ನೊಂದವರ ಮನೆಗೆ ಹೋದರೆ ಕಾರಣ ವಿವರಿಸಬೇಡಿ, ಯೋಬನ ಗೆಳೆಯರ ಮೊದಲ ಏಳು ದಿನಗಳಂತೆ ಸುಮ್ಮನೆ ಕೂತುಕೊಳ್ಳಿ. ರೊಟ್ಟಿ ಒಯ್ದರೆ ಇನ್ನೂ ಒಳ್ಳೆಯದು.

ಈ ಭಾಗದಲ್ಲಿ ಗೋವಿನಜೋಳ ಬಿತ್ತಿ, ಹತ್ತಿ ಬಿತ್ತಿ, ಒಂದು ವರ್ಷ ಮಳೆ ಇಲ್ಲದೆ ಇನ್ನೊಂದು ವರ್ಷ ವರದಾ ಹೊಳೆ ಉಕ್ಕಿ ಬೆಳೆ ಕಳೆದುಕೊಂಡವರಿದ್ದಾರೆ. 2019ರ ಆಗಸ್ಟ್‌ನ ನೆರೆ ನಿಮಗೆ ನೆನಪಿದೆ. ಸಾಲದ ಭಾರಕ್ಕೆ ಹೆದರಿ ಜೀವ ಕಳೆದುಕೊಂಡ ರೈತರ ಮನೆಗಳು ಎಲ್ಲ ಜಾತಿಯಲ್ಲೂ ಎಲ್ಲ ಮತದಲ್ಲೂ ಇವೆ. ಅಂಥ ಯೋಚನೆ ಬಂದವರು ದಯವಿಟ್ಟು ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ. ಕೇಳಿಸಿಕೊಂಡವರು ಅವತ್ತು ಅವರನ್ನು ಒಂಟಿಯಾಗಿ ಬಿಡಬೇಡಿ. ನೊಗದ ಒಂದು ಕಡೆಗೆ ಎತ್ತು ಕಟ್ಟಿ ಇನ್ನೊಂದು ಕಡೆ ಖಾಲಿ ಬಿಟ್ಟು ಹೊಲಕ್ಕೆ ಹೊಡೆದರೆ ಎಷ್ಟೇ ಗಟ್ಟಿ ಎತ್ತಾದರೂ ಕುತ್ತಿಗೆ ಮುರಿಯುತ್ತದೆ. ಅದು ಎತ್ತಿನ ತಪ್ಪಲ್ಲ.

ವಿದ್ಯಾರ್ಥಿ ಮಿತ್ರರೇ, ನೀವು ಯಾವ ದೇವರನ್ನು ನಂಬುತ್ತೀರೋ, ನಂಬುವುದಿಲ್ಲವೋ, ಅದು ನಿಮ್ಮದು. ಆದರೆ ನಿಮ್ಮ ತರಗತಿಯಲ್ಲಿ, ನಿಮ್ಮ ಓಣಿಯಲ್ಲಿ ನೊಗದ ಒಂದು ತುದಿ ನೆಲ ಕೆರೆಯುತ್ತಿರುವ ಸದ್ದು ಕೇಳಿದರೆ ಹೋಗಿ ಹೆಗಲು ಕೊಡಿ.

ನಮ್ಮ ಮನೆಯ ಆ ತಗಡಿನ ಡಬ್ಬಿ ಇನ್ನೂ ಇದೆ. ಈಗ ನಾನೊಬ್ಬನೇ, ಒಂದು ಲೋಟ ಅಕ್ಕಿ ಸಾಕು. ಅದರಲ್ಲೂ ಒಂದು ಹಿಡಿ ತೆಗೆದು ಹಾಕುತ್ತೇನೆ. ಕೈ ನಡುಗಿ ಒಂದಿಷ್ಟು ಕಾಳು ಕೆಳಗೆ ಬೀಳುತ್ತವೆ, ಅವನ್ನು ಆರಿಸಿ ಹಾಕುತ್ತೇನೆ.